ಎಲ್ಕ್ ಮೃಗದ ಬೇಟೆಯೂ ಕೋವಿಯ ಸಿದ್ಧತೆಯೂ

ಮೃಗಯೆಯನ್ನು ರಾಜರ ವ್ಯಸನಗಳಲ್ಲಿ ಒಂದೆಂದು ಧರ್ಮಶಾಸ್ತ್ರಕಾರರು ಎಣಿಸಿದರು. ಚಲಿಸುವ ಗುರಿಯನ್ನು ಹೊಡೆಯುವ ನೈಪುಣ್ಯವು ಅದರಿಂದಲೇ ಲಭಿಸುವುದೆಂದು ಕಾಳಿದಾಸನ ಶಾಕುಂತಲದಲ್ಲಿ ಬರುವ ಸೇನಾಪತಿಯು ಅದನ್ನು ಹೊಗಳಿದನು. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಅರಸನನ್ನು ವಿಶ್ವಾಮಿತ್ರನ ಆಶ್ರಮದ ಕಡೆಗೆ ಸೆಳೆದು ತರುವುದೂ ಬೇಟೆಯೇ. ಹೊಗಳಿದವರಾಗಲಿ ತೆಗಳಿದವರಾಗಲಿ, ಅವರ ದೃಷ್ಟಿಯೆಲ್ಲ ಬಿದ್ದಿರುವುದು ಬಾಣವು ಬಿಲ್ಲನ್ನು ಬಿಡುವ ಗಳಿಗೆಯ ಮೇಲೆ. ಆದರೆ ಬೇಟೆಯ ಗುಣದೋಷಗಳು ಬಹುಮಟ್ಟಿಗೆ ನಿಶ್ಚಯವಾಗುವುದು ಅದಕ್ಕೂ ಬಹಳ ಮುಂಚೆ, ಬೇಟೆಗಾರನು ತನ್ನ ಮನೆಯಲ್ಲಿ ಕುಳಿತು ಆಯುಧವನ್ನು ಅಣಿಮಾಡಿಕೊಳ್ಳುವಾಗ. ಈ ಮಾತಿಗೆ ಉತ್ತರ ಅಮೆರಿಕ ಖಂಡದ ಎಲ್ಕ್ ಎಂಬ ಮೃಗದ ಚರಿತ್ರೆಯಷ್ಟು ಸ್ಪಷ್ಟವಾದ ನಿದರ್ಶನವು ಬೇರೊಂದಿರಲಾರದು. ಕಳೆದ ಎರಡು ಶತಮಾನಗಳಲ್ಲಿ ಆ ಮೃಗವು ಕ್ಷಯಿಸಿದುದೂ ಮತ್ತೆ ಚೇತರಿಸಿಕೊಂಡುದೂ ಮದ್ದುಗುಂಡುಗಳ ಅಳತೆಯ ಕಥೆಯೊಡನೆ ಹೆಣೆದುಕೊಂಡಿದೆ.

ಮೊದಲು ಹೆಸರಿನ ವಿಚಾರ. ಯೂರೋಪಿನಲ್ಲಿ ಎಲ್ಕ್ ಎಂದರೆ ಅಮೆರಿಕದವರು ಮೂಸ್ ಎಂದು ಕರೆಯುವ, ಹಲಗೆಯಂತೆ ಅಗಲವಾದ ಕೊಂಬುಗಳುಳ್ಳ ಬೇರೊಂದು ಪ್ರಾಣಿ. ಇಂಗ್ಲೆಂಡಿನಿಂದ ಹೊಸ ಖಂಡಕ್ಕೆ ಹೋಗಿ ನೆಲೆಸಿದವರು ಅಲ್ಲಿಯ ದೊಡ್ಡ ಜಿಂಕೆಯ ಜಾತಿಯೊಂದಕ್ಕೆ ಆ ಹೆಸರನ್ನು ತಪ್ಪಾಗಿ ಅಂಟಿಸಿದರು. ಆ ನಾಡಿನ ಮೂಲನಿವಾಸಿಗಳಾದ ಶಾನೀ ಜನರು ಅದನ್ನು ವಾಪಿಟಿ ಎಂದರು. ಬಿಳಿಯ ಪೃಷ್ಠವುಳ್ಳದ್ದು ಎಂದು ಅದರ ಅರ್ಥ. ತಪ್ಪು ಹೆಸರು ಅಲ್ಲಿಗೇ ನಿಲ್ಲಲಿಲ್ಲ. ದಕ್ಷಿಣ ಹಿಂದೂಸ್ಥಾನದ ಇಂಗ್ಲಿಷ್ ಬೇಟೆಗಾರರು ಇಲ್ಲಿಯ ಕಡವೆಯನ್ನೂ ಬಹುಕಾಲ ಎಲ್ಕ್ ಎಂದೇ ಕರೆಯುತ್ತಿದ್ದರು. ಮಲೆನಾಡಿನ ಕಡವೆಯನ್ನು ಕಂಡಿರುವ ವಾಚಕರು ಅದಕ್ಕಿಂತಲೂ ಎತ್ತರವಾದ, ಕತ್ತಿನ ಸುತ್ತ ಕಪ್ಪು ಕೇಸರವುಳ್ಳ, ಕವಲುಕವಲಾಗಿ ಹಿಂದಕ್ಕೆ ಬಾಗಿದ ಕೊಂಬುಗಳ ಮೃಗವೊಂದನ್ನು ಕಲ್ಪಿಸಿಕೊಂಡರೆ ವಾಪಿಟಿಯ ರೂಪವು ಮನಸ್ಸಿಗೆ ಬಂದೀತು. ರಾಕಿ ಪರ್ವತಗಳಲ್ಲಿ ಬೆಳೆದ ಗಂಡಿನ ತೂಕವು ಸುಮಾರು 700 ಪೌಂಡು, ಹೆಣ್ಣಿನದು ಸುಮಾರು 500 ಪೌಂಡು. ಸೆಪ್ಟೆಂಬರ್ ತಿಂಗಳಲ್ಲಿ ಗಂಡುಗಳು ಹೆಣ್ಣುಗಳಿಗಾಗಿ ಕಾದಾಡುತ್ತ ಕೊಳಲಿನಂತೆ ತೆಳ್ಳಗೆ ಏರಿ ಇಳಿಯುವ ದನಿಯಲ್ಲಿ ಕೂಗುತ್ತವೆ. ಕೋವಿಯ ಬೇಟೆಗೆ ಬಹುತೇಕ ಸಂಸ್ಥಾನಗಳಲ್ಲಿ ಅನುಮತಿಯಿರುವುದು ಅದರ ಮುಂದಿನ ಎರಡು ತಿಂಗಳುಗಳಲ್ಲಿ.

ಬಿಳಿಯರು ಬರುವುದಕ್ಕೆ ಮುಂಚೆ ಆ ಖಂಡದಲ್ಲಿ ಸುಮಾರು ಒಂದು ಕೋಟಿ ಎಲ್ಕ್‌ಗಳಿದ್ದುವೆಂದು ಪ್ರಾಣಿಶಾಸ್ತ್ರಜ್ಞರ ಅಂದಾಜು. ಅಟ್ಲಾಂಟಿಕ್ ತೀರದ ಕಾಡುಗಳ ಸಮೀಪದಿಂದ ಪೆಸಿಫಿಕ್ ತೀರದವರೆಗೆ ಅವು ಹರಡಿದ್ದುವು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಅವುಗಳ ಸಂಖ್ಯೆ ಒಂದು ಲಕ್ಷಕ್ಕಿಂತಲೂ ಕೆಳಗೆ ಇಳಿದಿತ್ತು. ಈ ಇಳಿತಕ್ಕೆ ಹೊಲಗದ್ದೆಗಳೂ ದನಕುರಿಗಳ ಮಂದೆಗಳೂ ಬಹುಮಟ್ಟಿಗೆ ಕಾರಣವಾದುವು, ನಿಜ. ಆದರೂ ಕೋವಿಯ ಪಾಲು ಅಲ್ಪವಲ್ಲ. ಆ ಪಾಲನ್ನು ತಿಳಿಯಬೇಕಾದರೆ ಹಿಂದಿನ ಬೇಟೆಗಾರನು ತನ್ನ ಕೋವಿಯನ್ನು ಹೇಗೆ ತುಂಬುತ್ತಿದ್ದನೆಂಬುದರಿಂದಲೇ ಆರಂಭಿಸಬೇಕು.

1804ನೆಯ ಇಸವಿಯಲ್ಲಿ ಮೆರಿವೆದರ್ ಲೂಯಿಸ್, ವಿಲಿಯಂ ಕ್ಲಾರ್ಕ್ ಎಂಬ ಇಬ್ಬರು ಸೇನಾಧಿಕಾರಿಗಳು ಅಧ್ಯಕ್ಷ ಜೆಫರ್ಸನ್ನನ ಆಜ್ಞೆಯಂತೆ ಮಿಸೌರಿ ನದಿಯನ್ನು ಹಿಡಿದು ಪಶ್ಚಿಮಕ್ಕೆ ಹೊರಟರು. ಎರಡು ವರ್ಷಕ್ಕೂ ಮೀರಿದ ಆ ಪ್ರಯಾಣದ ದಾರಿಯಲ್ಲಿ ಮದ್ದನ್ನು ಕೊಳ್ಳುವುದಕ್ಕೆ ಒಂದು ಅಂಗಡಿಯಾದರೂ ಇರಲಿಲ್ಲ. ಆದುದರಿಂದ ಲೂಯಿಸನು ಒಂದು ಉಪಾಯವನ್ನು ಮಾಡಿದನು. ಮದ್ದನ್ನು ಮರದ ಪೀಪಾಯಿಗಳಲ್ಲಿ ತುಂಬಿಸದೆ 52 ಸೀಸದ ಡಬ್ಬಿಗಳಲ್ಲಿ ತುಂಬಿಸಿ ಬಾಯಿಗಳನ್ನು ಭದ್ರವಾಗಿ ಮುಚ್ಚಿಸಿದನು. ಒಂದೊಂದು ಡಬ್ಬಿಯಲ್ಲಿ 4 ಪೌಂಡು ಮದ್ದು. ಡಬ್ಬಿಯ ಸೀಸವು 8 ಪೌಂಡು. ಮದ್ದು ಮುಗಿದೊಡನೆ ಡಬ್ಬಿಯನ್ನೇ ಕರಗಿಸಿ ಎರಕ ಹೊಯ್ದರೆ ಆ ಮದ್ದಿಗೆ ತಕ್ಕಷ್ಟು ಗುಂಡುಗಳಾಗುತ್ತಿದ್ದುವು. ದೋಣಿ ಮಗುಚಿ ಡಬ್ಬಿಗಳು ನೀರಿನಲ್ಲಿ ಮುಳುಗಿದಾಗಲೂ ಬಾಯಿ ಬಿಗಿಯಾಗಿದ್ದವುಗಳೊಳಗಿನ ಮದ್ದು ಒಣಗಿಯೇ ಇರುತ್ತಿತ್ತು. ಮದ್ದಿಗೂ ಗುಂಡಿಗೂ ಇರಬೇಕಾದ ಪ್ರಮಾಣವನ್ನು ಪಾತ್ರೆಯಲ್ಲಿಯೇ ಅಡಗಿಸಿಟ್ಟ ಆ ಮುಂದಾಲೋಚನೆಯು ಆ ದಂಡಿನ ಪ್ರಾಣವನ್ನು ಉಳಿಸಿತೆನ್ನಬಹುದು.

1805ರ ಡಿಸೆಂಬರಿನಲ್ಲಿ ಅವರು ಪೆಸಿಫಿಕ್ ತೀರದ ಬಳಿ ಕ್ಲಾಟ್ಸಾಪ್ ಕೋಟೆಯನ್ನು ಕಟ್ಟಿಕೊಂಡು ಚಳಿಗಾಲವನ್ನು ಕಳೆದರು. ಮೂವತ್ತಮೂರು ಮಂದಿಗೆ ಮುಖ್ಯ ಆಹಾರವು ಎಲ್ಕ್ ಮಾಂಸ; ಉಡುವುದಕ್ಕೂ ಮೆಟ್ಟುವುದಕ್ಕೂ ಅದರದೇ ಚರ್ಮ; ದೀಪಕ್ಕೆ ಅದರದೇ ಕೊಬ್ಬು. ಡಿಸೆಂಬರ್ ಮೊದಲಿನಿಂದ ಮಾರ್ಚ್ 20ರವರೆಗೆ 131 ಎಲ್ಕ್‌ಗಳನ್ನು ಹೊಡೆದರೆಂದು ಆ ದಂಡಿನ ಸಾರ್ಜೆಂಟ್ ಪ್ಯಾಟ್ರಿಕ್ ಗ್ಯಾಸನು ಲೆಕ್ಕವಿಟ್ಟಿದ್ದಾನೆ. ಇಷ್ಟು ಮೃಗಗಳನ್ನು ಹೊಡೆದರೂ ಅಲ್ಲಿ ಹಾಳುಮಾಡುವ ಬುದ್ಧಿ ಇರಲಿಲ್ಲ. ಮದ್ದಿನ ಡಬ್ಬಿಗಳ ಎಣಿಕೆಯೇ ಕೈಯನ್ನು ತಡೆದು ನಿಲ್ಲಿಸುತ್ತಿತ್ತು.

ಆ ಕಾಲದ ಚಕಮಕಿ ಕೋವಿಯನ್ನು ಅಣಿಮಾಡುವುದೆಂದರೆ ಒಂದೊಂದು ಈಡಿಗೂ ಹೊಸದಾಗಿ ಮಾಡಬೇಕಾದ ಕೆಲಸ. ಮದ್ದಿನ ಕೊಂಬಿನಿಂದ ಕರಿಮದ್ದನ್ನು ಚಿಕ್ಕದೊಂದು ಅಳತೆಯ ಪಾತ್ರೆಗೆ ಸುರಿದು, ಅದನ್ನು ನಳಿಗೆಯ ಬಾಯಿಗೆ ಹೊಯ್ದು, ಎಣ್ಣೆ ಹಚ್ಚಿದ ಬಟ್ಟೆಯ ತುಣುಕಿನಲ್ಲಿ ಸೀಸದ ಗುಂಡನ್ನು ಸುತ್ತಿ, ಗಜದ ಕೋಲಿನಿಂದ ಬುಡದವರೆಗೆ ಇಳಿಸಬೇಕು. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೆರೆಗಳು ಬಟ್ಟೆಯ ಮೂಲಕ ಗುಂಡನ್ನು ಹಿಡಿದು ತಿರುಗಿಸುತ್ತವೆ. ಹಾಗೆ ತಿರುಗುವ ಗುಂಡು ಬುಗುರಿಯಂತೆ ಅಚ್ಚಿನ ಮೇಲೆ ಸ್ಥಿರವಾಗಿ ನಿಂತು ನೇರವಾಗಿ ಸಾಗುತ್ತದೆ. ರೈಫಲ್ ಎಂಬ ಹೆಸರು ಈ ಗೆರೆಗಳಿಂದಲೇ ಬಂದುದು. ಮದ್ದು ಕಡಿಮೆಯಾದರೆ ಗುಂಡು ಮುಂಚೆಯೇ ತಗ್ಗುವುದು. ಹೆಚ್ಚಾದರೆ ಉರಿಯದ ಮದ್ದು ವ್ಯರ್ಥವಾಗಿ ಹೊರಬೀಳುವುದು. ತನ್ನ ಕೋವಿಗೆ ಯಾವ ಅಳತೆ ಒಗ್ಗುವುದೆಂಬುದನ್ನು ಪ್ರತಿಯೊಬ್ಬನೂ ಗುರಿಹಲಗೆಗೆ ಹೊಡೆದು ಕಂಡುಕೊಳ್ಳಬೇಕಾಗಿತ್ತು. ಸೇಂಟ್ ಲೂಯಿಸ್ ನಗರದಲ್ಲಿ ಜೇಕಬ್ ಮತ್ತು ಸ್ಯಾಮ್ಯುಯೆಲ್ ಹಾಕೆನ್ ಎಂಬ ಸೋದರರು ಪರ್ವತ ಪ್ರದೇಶದ ಬೇಟೆಗಾರರಿಗಾಗಿ ದಪ್ಪ ನಳಿಗೆಯ ಗಟ್ಟಿ ಕೋವಿಗಳನ್ನು ಮಾಡಿ ಹೆಸರುವಾಸಿಯಾದರು. ಅಷ್ಟರಲ್ಲಿ ಚಕಮಕಿಯ ಸ್ಥಾನಕ್ಕೆ ಕೇಪು ಬಂದಿತ್ತು. ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕದಿಂದ ಕೋವಿಯನ್ನು ಹೊತ್ತಿಸುವ ವಿಧಾನಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೊರ್ಸೈತನು 1807ರಲ್ಲಿಯೇ ಸನ್ನದನ್ನು ಪಡೆದಿದ್ದನು.

ಆಯುಧವು ಎಷ್ಟು ಅಣಿಯಾಗಿದ್ದರೂ ಕಣ್ಣು ಅಣಿಯಾಗಿರದಿದ್ದರೆ ಆಗುವುದೇನೆಂಬುದಕ್ಕೂ ಲೂಯಿಸನ ಪ್ರಯಾಣದಲ್ಲಿಯೇ ಉದಾಹರಣೆಯಿದೆ. 1806ರ ಆಗಸ್ಟ್ 11ರಂದು, ಮನೆಯ ಕಡೆಗೆ ಮರಳುವ ದಾರಿಯಲ್ಲಿ, ಲೂಯಿಸನೂ ಪಿಯರ್ ಕ್ರುಜಾಟ್ ಎಂಬ ಅಂಬಿಗನೂ ನದೀತೀರದ ಪೊದೆಗಳಲ್ಲಿ ಎಲ್ಕ್ ಬೇಟೆಗೆ ನುಗ್ಗಿದರು. ಕ್ರುಜಾಟನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಲೂಯಿಸನು ಉಟ್ಟಿದ್ದುದು ಕಂದುಬಣ್ಣದ ಚರ್ಮದ ಉಡುಪು. ಎಲೆಗಳ ನಡುವೆ ಅಲುಗಿದ ಕಂದುಬಣ್ಣವನ್ನು ಕಂಡು ಕುದುರೆಯನ್ನೆಳೆದ ಕ್ರುಜಾಟನ ಗುಂಡು ದಂಡಿನ ನಾಯಕನ ತೊಡೆಯ ಹಿಂಭಾಗವನ್ನು ಸೀಳಿಕೊಂಡು ಹೋಯಿತು. ಲೂಯಿಸನು ಬದುಕಿಕೊಂಡನು, ಆದರೆ ಎಷ್ಟೋ ದಿನ ದೋಣಿಯಲ್ಲಿ ಬೋರಲಾಗಿ ಮಲಗಿಯೇ ಪ್ರಯಾಣಮಾಡಬೇಕಾಯಿತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತೋಟಾ ಬಂದಿತು. ಕೇಪು, ಮದ್ದು, ಗುಂಡು ಮೂರನ್ನೂ ಒಂದೇ ಲೋಹದ ಕೊಳವೆಯಲ್ಲಿ ಸೇರಿಸಿ ಕಾರ್ಖಾನೆಯಲ್ಲಿಯೇ ಸಿದ್ಧಪಡಿಸತೊಡಗಿದರು. 1860ರಲ್ಲಿ ಹೆನ್ರಿ ಕೋವಿಗೆ ಸನ್ನದು ದೊರೆಯಿತು. 1866ರಲ್ಲಿಯೂ 1873ರಲ್ಲಿಯೂ ವಿಂಚೆಸ್ಟರ್ ಕೋವಿಗಳು ಬಂದುವು. ಒಂದು ಸನ್ನೆಯನ್ನು ಕೆಳಕ್ಕೆಳೆದು ಮೇಲಕ್ಕೆತ್ತಿದರೆ ಖಾಲಿ ಕೊಳವೆ ಹೊರಗೆ ಹಾರಿ ಹೊಸ ತೋಟಾ ಒಳಗೆ ಕೂರುತ್ತಿತ್ತು. ಒಂದು ಈಡಿಗೆ ಅರ್ಧ ನಿಮಿಷ ಹಿಡಿಯುತ್ತಿದ್ದ ಕಾಲವು ಹೋಗಿ ಒಂದು ನಿಮಿಷದಲ್ಲಿ ಹತ್ತಾರು ಈಡು ಹಾರಿಸುವ ಕಾಲವು ಬಂದಿತು. ಒಬ್ಬೊಬ್ಬ ಬೇಟೆಗಾರನ ಕೈಯಲ್ಲಿದ್ದ ಅಳತೆಯು ಕಾರ್ಖಾನೆಯ ವಶವಾಯಿತು. ಅದರ ಗುರುತು ತೋಟಾಗಳ ಹೆಸರಿನಲ್ಲಿ ಮಾತ್ರ ಉಳಿಯಿತು. 1873ರಲ್ಲಿ ಅಮೆರಿಕದ ಸೇನೆಗೆ ಬಂದ 45-70 ಎಂಬ ತೋಟಾದ ಹೆಸರಿನಲ್ಲಿ ಮೊದಲನೆಯದು ಗುಂಡಿನ ವ್ಯಾಸವನ್ನು ಅಂಗುಲದ ನೂರನೆಯ ಭಾಗಗಳಲ್ಲಿ ತಿಳಿಸಿದರೆ ಎರಡನೆಯದು ಮದ್ದಿನ ತೂಕವನ್ನು ಗ್ರೇನುಗಳಲ್ಲಿ ತಿಳಿಸುತ್ತದೆ. ಒಂದು ಪೌಂಡಿಗೆ 7000 ಗ್ರೇನ್. ಅಕ್ಕಸಾಲಿಗರ ಗುಲಗಂಜಿ ತೂಕದ ಸುಮಾರು ಅರ್ಧಭಾಗ ಒಂದು ಗ್ರೇನ್ ಎಂದು ತಿಳಿಯಬಹುದು.

ಆದರೂ ಕೈಯಾರೆ ತೋಟಾ ತುಂಬುವ ಪದ್ಧತಿಯು ಅಳಿಯಲಿಲ್ಲ. ತೋಟಾದಲ್ಲಿ ಹೆಚ್ಚು ಬೆಲೆಯುಳ್ಳ ಭಾಗವು ಹಿತ್ತಾಳೆಯ ಕೊಳವೆ. ಒಮ್ಮೆ ಹಾರಿಸಿದ ಮೇಲೆಯೂ ಅದು ಹಾಳಾಗುವುದಿಲ್ಲ. ಹಳೆಯ ಕೇಪನ್ನು ತೆಗೆದು ಹೊಸದನ್ನಿಟ್ಟು, ಮದ್ದನ್ನಳೆದು, ಮನೆಯಲ್ಲಿಯೇ ಎರಕ ಹೊಯ್ದ ಗುಂಡನ್ನು ಕೂರಿಸಿದರೆ ಅದು ಮತ್ತೆ ತೋಟಾವಾಗುತ್ತದೆ. ಈ ಕೇಪಿನ ವಿಷಯದಲ್ಲಿ ಒಂದು ವಿನೋದವುಂಟು. ಅಮೆರಿಕದ ಹೈರಂ ಬರ್ಡನ್ ಕಲ್ಪಿಸಿದ ಕೇಪು ಯೂರೋಪಿನಲ್ಲಿ ಬಳಕೆಗೆ ಬಂದಿತು. ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ಕಲ್ಪಿಸಿದ ಕೇಪು ಅಮೆರಿಕದಲ್ಲಿ ನೆಲೆಯೂರಿತು. ಬಾಕ್ಸರನ ವಿಧಾನದಲ್ಲಿ ಕೊಳವೆಯ ತಳದ ಮಧ್ಯದಲ್ಲಿ ಒಂದೇ ತೂತಿರುವುದರಿಂದ ಒಳಗಿನಿಂದ ಒಂದು ಕಡ್ಡಿಯನ್ನು ಚುಚ್ಚಿ ಹಳೆಯ ಕೇಪನ್ನು ಸುಲಭವಾಗಿ ಹೊರದೂಡಬಹುದು. ಅಮೆರಿಕದಲ್ಲಿ ಈ ಗೃಹಕೈಗಾರಿಕೆಯು ಅಷ್ಟೊಂದು ಬೆಳೆದುದಕ್ಕೆ ಇದೂ ಒಂದು ಕಾರಣ. 1884ರಲ್ಲಿ ಜಾನ್ ಬಾರ್ಲೋ ಎಂಬವನು ಸ್ಥಾಪಿಸಿದ ಐಡಿಯಲ್ ಕಂಪನಿಯು ಇಕ್ಕಳದ ಆಕಾರದ ಉಪಕರಣವೊಂದನ್ನು ಮಾರತೊಡಗಿತು. ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದಾದ ಆ ಇಕ್ಕಳದಿಂದ ಕಾಡಿನ ಬಿಡಾರದ ಬೆಂಕಿಯ ಬಳಿ ಕುಳಿತೇ ತೋಟಾಗಳನ್ನು ತುಂಬಿಕೊಳ್ಳಬಹುದಾಗಿತ್ತು.

ಇಲ್ಲಿ ಒಂದು ಸಂಗತಿಯನ್ನು ಮರೆಮಾಚಬಾರದು. ಅಳೆದು ತೂಗಿ ತೋಟಾ ತುಂಬುವವನು ಸ್ವಭಾವತಃ ಸಂಯಮಿಯೆಂದು ಭಾವಿಸುವುದು ತಪ್ಪು. 1870ರ ದಶಕದಲ್ಲಿ ಚರ್ಮದ ವ್ಯಾಪಾರಕ್ಕಾಗಿ ಬೈಸನ್ ಎಂಬ ಕಾಡುದನಗಳ ಮಂದೆಗಳನ್ನು ನಿರ್ಮೂಲ ಮಾಡಿದವರೂ ಕೈಯಾರೆ ತೋಟಾ ತುಂಬುವವರೇ. ಹಗಲೆಲ್ಲ ಕೊಂದು, ರಾತ್ರಿ ಬಿಡಾರದಲ್ಲಿ ಅದೇ ಕೊಳವೆಗಳನ್ನು ಎಚ್ಚರದಿಂದ ತುಂಬಿ, ಮರುದಿನ ಮತ್ತೆ ಹೊರಡುತ್ತಿದ್ದರು. ಅವರ ತ್ರಾಸಿನಲ್ಲಿ ಒಂದು ಗ್ರೇನಿನ ವ್ಯತ್ಯಾಸವೂ ಇರುತ್ತಿರಲಿಲ್ಲವೇನೋ. ಕೊಲ್ಲುವ ಮೃಗಗಳ ಎಣಿಕೆಗೆ ಮಾತ್ರ ಮೇರೆಯೇ ಇರಲಿಲ್ಲ. ಬೈಸನ್ನಿನ ಬೆನ್ನಹಿಂದೆಯೇ ಎಲ್ಕ್‌ನ ಸರದಿ ಬಂದಿತು. 1872ರಲ್ಲಿ ಯೆಲ್ಲೋಸ್ಟೋನ್ ಪ್ರದೇಶವು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಗಿದ್ದರೂ ಅದರೊಳಗೇ ಕೊಲೆ ನಡೆಯುತ್ತಿತ್ತು. 1875ರಲ್ಲಿ ಅಲ್ಲಿಗೆ ಹೋದ ಸೇನೆಯ ಇಂಜಿನಿಯರ್ ಕ್ಯಾಪ್ಟನ್ ವಿಲಿಯಂ ಲಡ್ಲೋ, ಹಿಂದಿನ ಚಳಿಗಾಲವೊಂದರಲ್ಲಿಯೇ ಮ್ಯಾಮತ್ ಬಿಸಿನೀರಿನ ಬುಗ್ಗೆಗಳ ಸುತ್ತ 15 ಮೈಲಿಯೊಳಗೆ 1,500ರಿಂದ 2,000 ಎಲ್ಕ್‌ಗಳನ್ನು ಕೊಂದಿದ್ದರೆಂದು ತನ್ನ ವರದಿಯಲ್ಲಿ ತಿಳಿಸಿದನು. ಆಳವಾದ ಹಿಮದಲ್ಲಿ ಕಾಲು ಹೂತು ಓಡಲಾರದ ಮೃಗಗಳನ್ನು ಚರ್ಮಕ್ಕಾಗಿ ಕೊಂದು ಮಾಂಸವನ್ನು ಅಲ್ಲಿಯೇ ಬಿಟ್ಟಿದ್ದರು.

ಇದಕ್ಕಿಂತಲೂ ಹೇಯವಾದುದು ಹಲ್ಲಿನ ವ್ಯಾಪಾರ. ಎಲ್ಕ್‌ನ ಮೇಲ್ದವಡೆಯಲ್ಲಿ ದಂತದಂತೆ ಹೊಳೆಯುವ ಎರಡು ಹಲ್ಲುಗಳಿರುತ್ತವೆ. ಅವುಗಳಿಗೆ ಚಿನ್ನದ ಕಟ್ಟು ಹಾಕಿಸಿ ಗಡಿಯಾರದ ಸರಪಣಿಗೆ ತೂಗುಹಾಕಿಕೊಳ್ಳುವುದು ನಗರವಾಸಿಗಳಲ್ಲಿ ಸೊಗಸೆನಿಸಿಕೊಂಡಿತು. ಎರಡು ಹಲ್ಲುಗಳಿಗಾಗಿ 700 ಪೌಂಡಿನ ಮೃಗವನ್ನು ಕೊಂದು ಕೊಳೆಯಲು ಬಿಡುವ ಕಳ್ಳಬೇಟೆಗಾರರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವಯೋಮಿಂಗ್ ಸಂಸ್ಥಾನದ ಜಾಕ್ಸನ್ ಕಣಿವೆಯಲ್ಲಿ ಹೆಚ್ಚಿದರು. ಆ ವೇಳೆಗೆ ಪೂರ್ವದ ಕಾಡುಗಳ ಎಲ್ಕ್ ಉಪಜಾತಿಯೂ, ನೈಋತ್ಯದ ಮೆರಿಯಂ ಎಲ್ಕ್ ಎಂಬ ಉಪಜಾತಿಯೂ ಭೂಮಿಯಿಂದ ಮರೆಯಾಗಿ ಹೋಗಿದ್ದುವು.

ಲಡ್ಲೋವಿನ ಜೊತೆಯಲ್ಲಿ ಪ್ರಕೃತಿಶಾಸ್ತ್ರಜ್ಞನಾಗಿ ಹೋಗಿದ್ದ ತರುಣನೊಬ್ಬನು ಇದನ್ನೆಲ್ಲ ಕಣ್ಣಾರೆ ಕಂಡನು. ಅವನೇ ಮುಂದೆ ಪತ್ರಿಕಾಸಂಪಾದಕನಾಗಿ ಪ್ರಸಿದ್ಧನಾದ ಜಾರ್ಜ್ ಬರ್ಡ್ ಗ್ರಿನೆಲ್. ತಾನೂ ಬೇಟೆಗಾರನಾಗಿದ್ದ ಗ್ರಿನೆಲ್, 1887ರಲ್ಲಿ ಥಿಯೊಡೋರ್ ರೂಸ್ವೆಲ್ಟನೊಡನೆ ಸೇರಿ ಬೂನ್ ಮತ್ತು ಕ್ರಾಕೆಟ್ ಕ್ಲಬ್ ಎಂಬ ಸಂಘವನ್ನು ಕಟ್ಟಿದನು. ಬೇಟೆಯನ್ನು ಬಲ್ಲವರೇ ಬೇಟೆಗೆ ಮೇರೆ ಹಾಕಬೇಕೆಂದು ವಾದಿಸಿದುದು ಆ ಸಂಘದ ವಿಶೇಷ. ಯೆಲ್ಲೋಸ್ಟೋನಿನಲ್ಲಿ 1883ರಲ್ಲಿಯೇ ಬೇಟೆಯನ್ನು ನಿಷೇಧಿಸಿದ್ದರೂ ದಂಡನೆಯ ಭಯವಿರಲಿಲ್ಲ. 1894ರ ಶಾಸನವು ಅದನ್ನು ತಂದಿತು. ಕಾನೂನಿಗೆ ವಿರುದ್ಧವಾಗಿ ಕೊಂದ ಪ್ರಾಣಿಗಳನ್ನು ಒಂದು ಸಂಸ್ಥಾನದಿಂದ ಮತ್ತೊಂದಕ್ಕೆ ಸಾಗಿಸುವುದನ್ನು 1900ರ ಲೇಸೀ ಶಾಸನವು ಅಪರಾಧವನ್ನಾಗಿ ಮಾಡಿತು. 1912ರಲ್ಲಿ ಜಾಕ್ಸನ್ ಕಣಿವೆಯಲ್ಲಿ ಎಲ್ಕ್‌ಗಳಿಗಾಗಿಯೇ ರಾಷ್ಟ್ರೀಯ ಆಶ್ರಯವನವೊಂದು ಸ್ಥಾಪಿತವಾಯಿತು. ಯೆಲ್ಲೋಸ್ಟೋನಿನಲ್ಲಿ ಉಳಿದಿದ್ದ ಮೃಗಗಳನ್ನು ಹಿಡಿದು ರೈಲಿನಲ್ಲಿ ದೂರದ ಸಂಸ್ಥಾನಗಳಿಗೆ ಕಳುಹಿಸತೊಡಗಿದರು. 1913ರಲ್ಲಿ ಪೆನ್ಸಿಲ್ವೇನಿಯಕ್ಕೆ ಹಾಗೆ ಹೋದ ಮಂದೆಯ ಸಂತತಿಯು ಇಂದಿಗೂ ಅಲ್ಲಿದೆ. 1937ರಲ್ಲಿ ಪಿಟ್ಮನ್-ರಾಬರ್ಟ್‌ಸನ್ ಶಾಸನವು ಬಂದು, ಕೋವಿ ತೋಟಾಗಳ ಮೇಲಿನ ಸುಂಕದ ಹಣವು ವನ್ಯಮೃಗಗಳ ರಕ್ಷಣೆಗೆ ಸಲ್ಲುವಂತಾಯಿತು. ಈ ಯತ್ನಗಳ ಫಲವಾಗಿ ಇಂದು ಉತ್ತರ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಎಲ್ಕ್‌ಗಳಿವೆ.

ಶಾಸನವು ಬೇಟೆಗಾರನ ಮನೆಯೊಳಗೂ ಒಂದು ಬದಲಾವಣೆಯನ್ನು ತಂದಿತು. ಇಂದು ಸಾಮಾನ್ಯ ಬೇಟೆಗಾರನಿಗೆ ದೊರೆಯುವುದು ಒಂದು ಋತುವಿಗೆ ಒಂದೇ ಮೃಗದ ಪರವಾನಗಿ. ಎಷ್ಟೋ ಕಡೆ ಅದೂ ಚೀಟಿಯೆತ್ತುವುದರ ಮೂಲಕ. 2001ರಲ್ಲಿ ಪೆನ್ಸಿಲ್ವೇನಿಯವು ದಶಕಗಳ ನಿಷೇಧದ ಬಳಿಕ ಬೇಟೆಗೆ ಅವಕಾಶವಿತ್ತಾಗ ಸಾವಿರಾರು ಅರ್ಜಿಗಳು ಬಂದುವು. ಕೊಟ್ಟ ಪರವಾನಗಿಗಳು 30. ಒಂದೇ ಮೃಗವೆಂದ ಮೇಲೆ ಒಂದೇ ಗುಂಡಿನಲ್ಲಿ, ನೋವು ನೀಳವಾಗದಂತೆ, ಕೆಲಸವು ಮುಗಿಯಬೇಕೆಂಬ ಹೊಣೆ ಹೆಚ್ಚಿತು. ಗಾಯಗೊಂಡ ಎಲ್ಕ್ ಮೈಲಿಗಟ್ಟಲೆ ನಡೆದುಹೋಗಿ ಯಾರಿಗೂ ಸಿಕ್ಕದೆ ಸಾಯಬಲ್ಲುದು. ಪರವಾನಗಿಯ ಲೆಕ್ಕಕ್ಕೆ ಅದು ಬಾರದು. ಆದರೆ ಕಾಡಿನ ಲೆಕ್ಕದಲ್ಲಿ ಒಂದು ಮೃಗವು ಕಡಿಮೆಯಾಗುತ್ತದೆ. ಆದುದರಿಂದ ಬೇಸಗೆಯಲ್ಲಿಯೇ ಸಿದ್ಧತೆಯು ಆರಂಭವಾಗುತ್ತದೆ.

ಕೋವಿಯ ಸಿದ್ಧತೆ ಮೊದಲನೆಯದು. ನಳಿಗೆಯಲ್ಲಿ ಕಟ್ಟಿದ ಮಸಿಯನ್ನೂ ತಾಮ್ರದ ಲೇಪವನ್ನೂ ತೊಳೆದು, ನಳಿಗೆಯನ್ನು ಹಿಡಿಮರಕ್ಕೆ ಬಿಗಿದಿರುವ ತಿರುಪುಗಳನ್ನೂ ದುರ್ಬೀನಿನ ಕಟ್ಟುಗಳನ್ನೂ ಪರೀಕ್ಷಿಸಬೇಕು. ಮರವು ಮಳೆಗಾಲದಲ್ಲಿ ಉಬ್ಬಿ ನಳಿಗೆಯನ್ನು ಒತ್ತಿದರೆ ಗುರಿ ಅತ್ತಿತ್ತ ಸರಿಯುತ್ತದೆ. ಬಳಿಕ 100 ಗಜದ ದೂರದಲ್ಲಿ ಹಲಗೆಯನ್ನಿಟ್ಟು ಹೊಡೆದು ದುರ್ಬೀನನ್ನು ಹೊಂದಿಸುತ್ತಾರೆ. ಗುಂಡು ನೇರವಾದ ಗೆರೆಯಲ್ಲಿ ಹೋಗುವುದೆಂಬುದು ಭ್ರಮೆ. ನಳಿಗೆಯನ್ನು ಬಿಟ್ಟ ಗಳಿಗೆಯಿಂದಲೇ ಅದು ಕೆಳಗೆ ಬೀಳುತ್ತಿರುತ್ತದೆ. ಸೆಕೆಂಡಿಗೆ 2,700 ಅಡಿ ವೇಗದ 180 ಗ್ರೇನಿನ ಗುಂಡಿಗೆ 200 ಗಜದಲ್ಲಿ ಗುರಿ ಹೊಂದಿಸಿದರೆ 300 ಗಜದಲ್ಲಿ ಅದು ಸುಮಾರು ಎಂಟೊಂಬತ್ತು ಅಂಗುಲ, 400 ಗಜದಲ್ಲಿ ಸುಮಾರು ಎರಡು ಅಡಿ ತಗ್ಗಿರುತ್ತದೆ. ಅಂದಾಜಿನಲ್ಲಿ ನೂರು ಗಜ ತಪ್ಪಿದರೆ ಹೃದಯಕ್ಕೆ ಹಿಡಿದ ಗುರಿ ಕಾಲಿಗೆ ಬೀಳಬಹುದು. ಕಾದ ನಳಿಗೆಯಿಂದ ಹತ್ತನೆಯ ಗುಂಡು ಎಲ್ಲಿ ಬೀಳುವುದೆಂಬುದು ಮುಖ್ಯವಲ್ಲ. ಹಿಮದ ಬೆಳಗಿನಲ್ಲಿ ತಣ್ಣಗಿರುವ ನಳಿಗೆಯ ಮೊದಲನೆಯ ಗುಂಡು ಎಲ್ಲಿಗೆ ಹೋಗುವುದೆಂಬುದನ್ನು ಬೇಟೆಗಾರನು ಅರಿತಿರಬೇಕು.

ತೋಟಾದ ಸಿದ್ಧತೆ ಎರಡನೆಯದು. ಅದು ಹೆಚ್ಚು ಸೂಕ್ಷ್ಮ. ಹಾರಿಸಿದ ಕೊಳವೆ ಕೋವಿಯ ಗೂಡಿನ ಅಳತೆಗೆ ಹಿಗ್ಗಿರುತ್ತದೆ. ಅದನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರಬೇಕು. ಹಲವು ಸಲ ಬಳಸಿದ ಕೊಳವೆಯ ಕತ್ತು ಉದ್ದವಾಗುವುದರಿಂದ ಅದನ್ನು ಕತ್ತರಿಸಿ ಸಮಮಾಡಬೇಕು; ಬುಡದಲ್ಲಿ ಬಿರುಕಿನ ಗೆರೆ ಕಂಡುಬಂದರೆ ಎಸೆಯಬೇಕು. ಹೊಸ ಕೇಪನ್ನು ಕೂರಿಸಿ, ಮದ್ದನ್ನು ಗ್ರೇನಿನ ಹತ್ತನೆಯ ಒಂದು ಭಾಗದವರೆಗೆ ತೂಗಿ ಹೊಯ್ದು, ಗುಂಡನ್ನು ನಿಶ್ಚಿತವಾದ ಆಳಕ್ಕೆ ಒತ್ತಿ, ಒಟ್ಟು ಉದ್ದವನ್ನು ಅಳೆದು ನೋಡಬೇಕು.

ಮದ್ದನ್ನು ಇಷ್ಟು ಸೂಕ್ಷ್ಮವಾಗಿ ತೂಗುವುದೇಕೆಂದು ತಿಳಿಯಬೇಕಾದರೆ ಮದ್ದಿನ ಚರಿತ್ರೆಯನ್ನು ನೆನೆಯಬೇಕು. ಪೆಟ್ಲುಪ್ಪು, ಗಂಧಕ, ಇದ್ದಿಲುಗಳಿಂದಾದ ಕರಿಮದ್ದು ಕೊಳವೆಯನ್ನು ತುಂಬಿಬಿಡುತ್ತಿತ್ತು; ಹೆಚ್ಚು ಹಾಕಬೇಕೆಂದರೂ ಸ್ಥಳವಿರುತ್ತಿರಲಿಲ್ಲ. 1884ರಲ್ಲಿ ಫ್ರಾನ್ಸಿನ ಪೌಲ್ ವಿಯೆಯ್ ಎಂಬ ರಸಾಯನಶಾಸ್ತ್ರಜ್ಞನು ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದನು. 1895ರಲ್ಲಿ ಅದನ್ನು ತುಂಬಿದ ವಿಂಚೆಸ್ಟರ್ 30-30 ತೋಟಾವು ಅಮೆರಿಕದ ಬೇಟೆಗಾರರ ಕೈಗೆ ಬಂದಿತು. ಹೊಸ ಮದ್ದಿನ ಶಕ್ತಿ ಹಲವು ಪಟ್ಟು ಹೆಚ್ಚು. ಕೊಳವೆಯಲ್ಲಿ ಸ್ಥಳವೂ ಉಳಿಯುವುದು. ಹಳೆಯ ಪಾತ್ರೆಯಿಂದ ಹಳೆಯ ಅಭ್ಯಾಸದಂತೆ ಅಳೆದು ತುಂಬಿದರೆ ಕೋವಿಯು ಮುಖದ ಎದುರಿಗೇ ಸಿಡಿಯುತ್ತದೆ. ಅಂದಿನಿಂದ ಪಾತ್ರೆಯ ಸ್ಥಾನವನ್ನು ತ್ರಾಸು ಪಡೆಯಿತು. ಅಚ್ಚಾದ ಕೈಪಿಡಿಯನ್ನು ನೋಡದೆ, ಅದರಲ್ಲಿಯ ಕನಿಷ್ಠ ಪ್ರಮಾಣದಿಂದ ಆರಂಭಿಸದೆ, ಮದ್ದಿಗೆ ಕೈಹಾಕಬಾರದೆಂಬ ನಿಯಮವು ಬೇರೂರಿತು. ಎರಡನೆಯ ಮಹಾಯುದ್ಧದ ತರುವಾಯ ಸೇನೆಯಲ್ಲಿ ಮಿಕ್ಕಿದ ಮದ್ದನ್ನು ಬ್ರೂಸ್ ಹಾಜ್ಡನ್ ಎಂಬವನು ಕೊಂಡು ಜನರಿಗೆ ಮಾರಿದಾಗ ಈ ಹವ್ಯಾಸವು ಮನೆಮನೆಗೂ ಹಬ್ಬಿತು.

ಎಂತಹ ಗುಂಡು ಎಲ್ಕ್‌ಗೆ ತಕ್ಕುದೆಂಬ ಚರ್ಚೆಯು ದಶಕಗಳ ಕಾಲ ನಡೆಯಿತು. ಇಡಾಹೋ ಸಂಸ್ಥಾನದ ಎಲ್ಮರ್ ಕೀತ್ ದಪ್ಪವಾದ, ತೂಕವಾದ ಗುಂಡೇ ಬೇಕೆಂದನು. ಮೃಗವು ಯಾವ ಭಂಗಿಯಲ್ಲಿ ನಿಂತರೂ ಅದು ಮೂಳೆಯನ್ನು ಮುರಿದು ಒಳಸೇರಬಲ್ಲುದೆಂದು ಅವನ ವಾದ. ಪತ್ರಿಕೆಯಲ್ಲಿ ಬರೆಯುತ್ತಿದ್ದ ಜಾಕ್ ಓಕಾನರ್ 1925ರಲ್ಲಿ ಬಂದ 270 ವಿಂಚೆಸ್ಟರ್ ತೋಟಾದ ಹಗುರವಾದ, ವೇಗವಾದ ಗುಂಡನ್ನು ಎತ್ತಿಹಿಡಿದನು. ಧಕ್ಕೆ ಕಡಿಮೆಯಿದ್ದರೆ ಭುಜವು ಅಳುಕದು, ಭುಜ ಅಳುಕದಿದ್ದರೆ ಗುಂಡು ಗುರಿಯನ್ನು ಸೇರುವುದು ಎಂದು ಅವನ ಪಕ್ಷ. ಇಬ್ಬರೂ ಒಪ್ಪುತ್ತಿದ್ದ ಅಂಶವೊಂದುಂಟು: ಗುಂಡು ಶ್ವಾಸಕೋಶವನ್ನು ಮುಟ್ಟುವವರೆಗೆ ಒಡೆಯದೆ ಉಳಿಯಬೇಕು. ಇದನ್ನು ಸಾಧಿಸಿಕೊಟ್ಟವನು ಜಾನ್ ನಾಸ್ಲರ್. 1946ರಲ್ಲಿ ಕೆನಡಾದಲ್ಲಿ ಅವನು ಬೇಟೆಯಾಡುತ್ತಿದ್ದಾಗ ಒಣಗಿದ ಕೆಸರು ಮೆತ್ತಿದ್ದ ದೊಡ್ಡದೊಂದು ಮೂಸ್ ಮೃಗದ ಮೇಲೆ ಅವನ ಗುಂಡುಗಳು ಮೇಲ್ಮೈಯಲ್ಲಿಯೇ ಪುಡಿಯಾದುವು, ಮೃಗವು ಬೀಳಲಿಲ್ಲ. ನಾಸ್ಲರನು ಮನೆಗೆ ಬಂದು, ನಡುವೆ ತಾಮ್ರದ ಅಡ್ಡಗೋಡೆಯುಳ್ಳ ಗುಂಡನ್ನು ಕಲ್ಪಿಸಿದನು. ಗೋಡೆಯ ಮುಂದಿನ ಸೀಸವು ಅರಳಿ ಗಾಯವನ್ನು ಮಾಡಿದರೆ ಹಿಂದಿನ ಸೀಸವು ಒಡೆಯದೆ ಮುಂದೊತ್ತುತ್ತದೆ. 1948ರಲ್ಲಿ ಅದು ಮಾರಾಟಕ್ಕೆ ಬಂದಿತು. ಇಂದಿಗೂ ಎಲ್ಕ್ ಬೇಟೆಗಾರರು ಅದನ್ನು ಬಳಸುತ್ತಾರೆ.

ಅಳತೆಯ ಈ ಕಥೆಯು ಇನ್ನೂ ಮುಗಿದಿಲ್ಲ. ಸೀಸದ ಗುಂಡು ಮೃಗದ ಮೈಯೊಳಗೆ ಸಣ್ಣ ಸಣ್ಣ ಕಣಗಳಾಗಿ ಚದುರುತ್ತದೆ. ಬೇಟೆಗಾರನು ಕಾಡಿನಲ್ಲಿ ಬಿಟ್ಟುಹೋದ ಕರುಳುಗಳನ್ನು ತಿಂದ ಹದ್ದುಗಳೂ ಕಾಂಡರ್ ಎಂಬ ಮಹಾಗೃಧ್ರಗಳೂ ಆ ವಿಷದಿಂದ ಸಾಯುತ್ತವೆಂಬುದು ಪರೀಕ್ಷೆಗಳಿಂದ ಸ್ಥಿರಪಟ್ಟಿದೆ. ಕ್ಯಾಲಿಫೋರ್ನಿಯ ಸಂಸ್ಥಾನವು 2013ರಲ್ಲಿ ಶಾಸನ ಮಾಡಿ, 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಬಳಕೆಯನ್ನು ಪೂರ್ತಿಯಾಗಿ ನಿಷೇಧಿಸಿತು. ಸೀಸಕ್ಕೆ ಬದಲಾಗಿ ಶುದ್ಧ ತಾಮ್ರದ ಗುಂಡುಗಳು ಬಂದಿವೆ. ತಾಮ್ರವು ಸೀಸಕ್ಕಿಂತ ಹಗುರವಾದುದರಿಂದ ಅದೇ ತೂಕದ ಗುಂಡು ಹೆಚ್ಚು ಉದ್ದವಾಗುತ್ತದೆ. ಕೊಳವೆಯಲ್ಲಿ ಹೆಚ್ಚು ಸ್ಥಳವನ್ನು ಹಿಡಿಯುತ್ತದೆ. ಮದ್ದಿನ ಪ್ರಮಾಣವನ್ನೂ ಕೂರಿಸುವ ಆಳವನ್ನೂ ಮತ್ತೆ ಮೊದಲಿನಿಂದ ಕಂಡುಕೊಳ್ಳಬೇಕಾಗುತ್ತದೆ. ಸೀಸದಲ್ಲಿ ಪಳಗಿದವರಲ್ಲಿ ಹಲವರು ಇದನ್ನು ವಿರೋಧಿಸುತ್ತಾರೆ; ಹಲವರು ಶಾಸನವು ಬರುವುದಕ್ಕೆ ಮುಂಚೆಯೇ ಬದಲಾಯಿಸಿಕೊಂಡಿದ್ದಾರೆ. ತಾನು ಹೊಡೆಯದ ಪ್ರಾಣಿಗಳ ಲೆಕ್ಕವನ್ನೂ ಬೇಟೆಗಾರನು ತನ್ನ ತ್ರಾಸಿನಲ್ಲಿ ಇಡಬೇಕೆ ಎಂಬುದೇ ಈಗಿನ ವಿವಾದದ ತಿರುಳು.

ಕೋವಿಯ ಸಿದ್ಧತೆಗೂ ಬೇಟೆಯ ಮೇರೆಗೂ ಇರುವ ಸಂಬಂಧವನ್ನು ಕನ್ನಡ ನಾಡಿನಲ್ಲಿಯೂ ಕಾಣಬಹುದು. ಕೊಡಗಿನಲ್ಲಿ ಭತ್ತದ ನಾಟಿ ಮುಗಿದ ಮೇಲೆ, ಎಲ್ಕ್‌ನ ಕೂಗು ಕೇಳಿಬರುವ ಅದೇ ಸೆಪ್ಟೆಂಬರ್ ತಿಂಗಳ ಆದಿಯಲ್ಲಿ, ಕೈಲ್‌ಪೊಳ್ದ್ ಹಬ್ಬವು ಬರುತ್ತದೆ. ಕೋವಿ ಕತ್ತಿಗಳನ್ನು ಶುಚಿಮಾಡಿ, ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಉಳುವ ಕಾಲದಲ್ಲಿ ಬದಿಗಿಟ್ಟ ಆಯುಧವನ್ನು ಬೇಟೆಯ ಕಾಲಕ್ಕೆ ಮತ್ತೆ ಕೈಗೆತ್ತಿಕೊಳ್ಳುವುದು ಹಿಂದೆ ಆ ಹಬ್ಬದ ಅರ್ಥವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಬಳಿಕ ಹಿಂದಿನ ಬೇಟೆಗೆ ಅವಕಾಶವಿಲ್ಲ. ಹಬ್ಬವು ಉಳಿದಿದೆ, ಕೋವಿಯ ಪೂಜೆಯೂ ಉಳಿದಿದೆ, ಮರದ ಮೇಲಣ ತೆಂಗಿನಕಾಯಿಯು ಗುರಿಯಾಗಿದೆ. ಅಮೆರಿಕದಲ್ಲಿ ಶಾಸನವು ಒಂದು ಮೃಗವನ್ನು ಉಳಿಸಿಕೊಟ್ಟು ಬೇಟೆಯನ್ನು ಉಳಿಸಿತು. ಇಲ್ಲಿ ಕಡವೆಯ ಬೇಟೆಯನ್ನು ಪೂರ್ತಿ ನಿಲ್ಲಿಸಿತು. ಎರಡು ನಾಡುಗಳ ಜನಸಂಖ್ಯೆ, ಕಾಡಿನ ವಿಸ್ತಾರ ಬೇರೆಬೇರೆಯಾಗಿರುವಾಗ ಮೇರೆಗಳೂ ಬೇರೆಯಾದುದು ಸಹಜವೇ.

ಲೂಯಿಸನ ಸೀಸದ ಡಬ್ಬಿಗಳಲ್ಲಿ ಎರಡು ಅಳತೆಗಳೂ ಒಟ್ಟಿಗೆ ಇದ್ದುವು: ಒಂದು ಈಡಿಗೆ ಎಷ್ಟು ಮದ್ದು ಎಂಬುದು ಒಂದು, ಒಟ್ಟು ಎಷ್ಟು ಈಡು ಎಂಬುದು ಮತ್ತೊಂದು. ಎರಡನೆಯದನ್ನು ಅವನಿಗೆ ಕೊಟ್ಟಿದ್ದುದು ಅಭಾವ. ಕಾರ್ಖಾನೆಗಳು ಅಭಾವವನ್ನು ನೀಗಿಸಿದಾಗ ಮೊದಲನೆಯ ಅಳತೆ ಮಾತ್ರ ಉಳಿದು, ಅದರ ನೈಪುಣ್ಯವೆಲ್ಲ ಸಂಹಾರಕ್ಕೆ ಸೇವೆ ಸಲ್ಲಿಸಿತು. ಎರಡನೆಯ ಅಳತೆಯನ್ನು ಶಾಸನವು ಮರಳಿ ತಂದುಕೊಟ್ಟ ಮೇಲೆಯೇ ಮೊದಲನೆಯದು ಮತ್ತೆ ಧರ್ಮವಾಯಿತು. ಇಂದು ಮೊಂಟಾನದಲ್ಲಿಯೋ ಕೊಲರಾಡೋವಿನಲ್ಲಿಯೋ ಬೇಟೆಗಾರನೊಬ್ಬನು ರಾತ್ರಿಯ ದೀಪದ ಬೆಳಕಿನಲ್ಲಿ ಕುಳಿತು ಒಂದು ಗ್ರೇನಿನ ಹತ್ತನೆಯ ಭಾಗವನ್ನು ತೂಗುತ್ತಿರುವಾಗ ಆ ತ್ರಾಸು ನಂಬತಕ್ಕುದಾಗಿರುವುದು ಅವನ ಜೇಬಿನಲ್ಲಿರುವ ಒಂದೇ ಒಂದು ಮೃಗದ ಪರವಾನಗಿಯ ಚೀಟಿಯಿಂದ.